ಬೋರ್ಡಿನ ಬೆನ್ನು ನೋಡಿ, ಆಮೇಲೆ ದುಡ್ಡು ಎಣಿಸಿ

ಪ್ರಶ್ನೆ: ನಮ್ಮ ಅತ್ತೆಯವರಿಗೆ ಈಗ 77 ವರ್ಷ. 1971ರಿಂದ 25 ವರ್ಷ ಒಂದು ಕಾರ್ಖಾನೆಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದರು. ಮೊನ್ನೆ ಊರಾಚೆಯ ಗುಜರಿ ಅಂಗಡಿಯಲ್ಲಿ ಹಳೇ ಟೆಲಿಫೋನ್ ಸ್ವಿಚ್‌ಬೋರ್ಡ್ ಒಂದು ಕಣ್ಣಿಗೆ ಬಿತ್ತು, ಆಪರೇಟರ್ ಕೂತು ಕೈಯಿಂದಲೇ ಲೈನಿಗೆ ಲೈನು ಜೋಡಿಸುವಂಥದ್ದು. ತೇಗದ ಮರದ್ದು, ನನ್ನ ಎದೆಯೆತ್ತರ ಇದೆ. 50 ಲೈನಿನದಂತೆ. ಮುಂದುಗಡೆ ‘ಐಟಿಐ ಬೆಂಗಳೂರು’ ಅನ್ನುವ ಪುಟ್ಟ ಫಲಕವೂ ಇದೆ. ಅಂಗಡಿಯವರು 45,000 ಹೇಳುತ್ತಿದ್ದಾರೆ. ಅತ್ತೆಯವರಿಗೆ ಗೊತ್ತಾಗದ ಹಾಗೆ ತಂದು, ಅವರ ಹುಟ್ಟುಹಬ್ಬದ ದಿನ ಹಾಲ್‌ನಲ್ಲಿ ಇಡಬೇಕು ಅಂತ ನನಗೆ ಆಸೆ. ನಮ್ಮ ಯಜಮಾನರು “ಎಲ್ಲಿಡ್ತೀಯ ಅದನ್ನ?” ಅಂತಾರೆ. ನಮ್ಮದು ಮೊದಲ ಮಹಡಿ ಮನೆ. ಕೊಳ್ಳಬಹುದಾ? ಅದು ಮತ್ತೆ ಕೆಲಸ ಮಾಡುತ್ತಾ?
— ಓದುಗರೊಬ್ಬರು, ಮೈಸೂರು

ಉತ್ತರ: ತಾಯಿ, ನಿಮ್ಮ ಪತ್ರ ಎರಡು ಸಲ ಓದಿದೆ. ಮರ ಯಾವುದು ಅಂತ ಬರೆದಿದ್ದೀರಿ, ಎತ್ತರ ಬರೆದಿದ್ದೀರಿ, ಬೆಲೆ ಬರೆದಿದ್ದೀರಿ. ಬೋರ್ಡಿನ ಬೆನ್ನು ಹೇಗಿದೆ ಅಂತ ಮಾತ್ರ ಬರೆದಿಲ್ಲ. ನಾನು 1975ರಲ್ಲಿ ಟೆಕ್ನಿಷಿಯನ್ ಆಗಿ ಟೆಲಿಫೋನ್ ಎಕ್ಸ್‌ಚೇಂಜ್ ಸೇರಿದವನು. ಬೋರ್ಡಿನ ಮುಂಭಾಗ ಆಪರೇಟರುಗಳ ರಾಜ್ಯ, ನಮಗೆ ಅಲ್ಲಿ ಹೆಚ್ಚು ಕೆಲಸ ಇರಲಿಲ್ಲ. ನಮ್ಮ ಸಂಸಾರವೆಲ್ಲ ಹಿಂದುಗಡೆ. ಹಾಗಾಗಿ ನನ್ನ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ಮತ್ತೆ ಅಂಗಡಿಗೆ ಹೋದಾಗ ಹಿಂದಿನ ಬಾಗಿಲು ತೆಗೆಸಿ. ಟಾರ್ಚ್ ಒಯ್ಯಿರಿ. ಮೂಗಿಗೆ ಮಾಸ್ಕ್ ಇರಲಿ, ಇಲಿ ಸಂಸಾರ ಮಾಡಿರುವ ಸಾಧ್ಯತೆ ಜಾಸ್ತಿ. ಒಳಗೆ ಬಣ್ಣಬಣ್ಣದ ತಂತಿಗಳನ್ನು ಮೇಣದ ದಾರದಿಂದ ಜಡೆ ಹೆಣೆದ ಹಾಗೆ ಕಟ್ಟಿರುತ್ತಾರೆ. ಆ ಜಡೆಗಳೆಲ್ಲ ಸೇರಿ ದಪ್ಪ ಕೇಬಲ್ ಆಗಿ ಹೊರಗೆ ಹೋಗುತ್ತವೆ. ಬೋರ್ಡನ್ನು ಗೋಡೆಯಿಂದ ಬಿಡಿಸುವಾಗ ಕೆಲವರು ಕೂತು ಒಂದೊಂದೇ ಬೆಸುಗೆ ಬಿಚ್ಚುತ್ತಾರೆ. ಹಾಗೆ ಮಾಡುವವರು ನೂರಕ್ಕೊಬ್ಬರು. ಉಳಿದವರು ಗರಗಸ ಇಟ್ಟು ಒಂದೇ ಸಲ ಕತ್ತರಿಸುತ್ತಾರೆ. ಬೋರ್ಡಿನಿಂದ ಹೊರಗೆ ಒಂದು ಮೊಳ ಕೇಬಲ್ ಉಳಿಸಿ ಕತ್ತರಿಸಿದ್ದರೆ ಚಿಂತೆಯಿಲ್ಲ. ಆದರೆ ತಾಮ್ರದ ಆಸೆಗೆ ಕೈ ಒಳಗೆ ಹಾಕಿ ಬುಡದಲ್ಲೇ ಎಳೆದುಕೊಂಡಿದ್ದರೆ ಕಥೆ ಬೇರೆ. 50 ಲೈನು ಅಂದರೆ ಲೈನಿಗೆ ಕನಿಷ್ಠ ಎರಡು ತಂತಿ, ಜ್ಯಾಕುಗಳ (ಪ್ಲಗ್ ಸಿಕ್ಕಿಸುವ ತೂತುಗಳು) ಬೆನ್ನಲ್ಲಿ ಅದಕ್ಕಿಂತ ಜಾಸ್ತಿ. ನಕ್ಷೆ ಇಲ್ಲದೆ ಅದನ್ನೆಲ್ಲ ಮತ್ತೆ ಜೋಡಿಸುವುದು ನನ್ನಂಥ ನಿವೃತ್ತನಿಗೂ ಆರು ತಿಂಗಳ ಕೆಲಸ. ನಿಮಗೆ ಆಗದ ಮಾತು. ಬಾಗಿಲಿನ ಒಳಮೈಯಲ್ಲಿ ಹಳದಿಯಾದ ಸರ್ಕ್ಯೂಟ್ ನಕ್ಷೆ ಅಂಟಿಸಿದ್ದು ಸಿಕ್ಕಿದರೆ ತಕ್ಷಣ ಫೋಟೋ ತೆಗೆದುಕೊಳ್ಳಿ. ಬೋರ್ಡ್ ಕೊಳ್ಳದಿದ್ದರೂ ತೆಗೆದುಕೊಳ್ಳಿ. ನನಗೊಂದು ಕಳಿಸಿ.

ಹಿಂದಿನ ಕಾಲುಗಳ ಬುಡವನ್ನು ಬೆರಳಿನಿಂದ ತಟ್ಟಿ. ಈ ಬೋರ್ಡುಗಳು ವರ್ಷಗಟ್ಟಲೆ ಗೋಡೆಗೆ ಒರಗಿ ನಿಂತಿರುತ್ತವೆ. ತೇಗ ಅಂತ ಗೆದ್ದಲು ಬಿಟ್ಟುಬಿಡುತ್ತದೆ ಅನ್ನಬೇಡಿ. ಎಷ್ಟೋ ಬೋರ್ಡಿನಲ್ಲಿ ತೇಗ ಇರುವುದು ಮುಂದುಗಡೆ ಮಾತ್ರ.

ಇನ್ನು ಗುಟ್ಟಾಗಿ ತರುವ ವಿಚಾರ. ಅದು ಬೇಡ. ನಿಮ್ಮ ಅತ್ತೆಯವರನ್ನೇ ಅಂಗಡಿಗೆ ಕರೆದುಕೊಂಡು ಹೋಗಿ. 25 ವರ್ಷ ಬೋರ್ಡಿನ ಮುಂದೆ ಕೂತವರ ಕೈಗಿಂತ ಒಳ್ಳೆಯ ಮೀಟರ್ ಇಲ್ಲ. ಕೂರಲು ಒಂದು ಸ್ಟೂಲ್ ಕೇಳಿ. ಅವರು ಒಂದು ಕಾರ್ಡ್ ಎಳೆದು ಬಿಡುತ್ತಾರೆ ನೋಡಿ. ಕಾರ್ಡ್ ಅಂದರೆ ಎಟಿಎಂ ಕಾರ್ಡ್ ಅಲ್ಲ, ತುದಿಗೆ ಹಿತ್ತಾಳೆ ಪ್ಲಗ್ ಇರುವ, ಬಟ್ಟೆ ಹೆಣೆದ ಹುರಿ. ಅದರ ಕೆಳಗೆ ರಾಟೆ, ರಾಟೆಗೆ ಕಬ್ಬಿಣದ ಗುಂಡು. ಕೈ ಬಿಟ್ಟ ಕೂಡಲೆ ಗುಂಡಿನ ಭಾರಕ್ಕೆ ಹುರಿ ಸರ್ರನೆ ಒಳಗೆ ಹೋಗಿ, ಪ್ಲಗ್ ತನ್ನ ಜಾಗದಲ್ಲಿ ಟಪ್ ಅಂತ ಕೂರಬೇಕು. ಹೋಗದಿದ್ದರೆ ಗುಂಡು ಕಳಚಿಹೋಗಿದೆ ಅಂತ ಅರ್ಥ. ಗುಜರಿಯವರು ಮೊದಲು ತೂಕಕ್ಕೆ ಹಾಕುವುದೇ ಆ ಗುಂಡುಗಳನ್ನು. ಆಮೇಲೆ ಕೀಗಳು, ಅಂದರೆ ಮುಂದೆ ಹಿಂದೆ ಆಡುವ ಸಣ್ಣ ಸ್ವಿಚ್ಚುಗಳು. ಮುಂದೆ ತಳ್ಳಿದರೆ ಮಾತಾಡುವುದಕ್ಕೆ, ಹಿಂದೆ ಎಳೆದರೆ ಗಂಟೆ ಹೊಡೆಯುವುದಕ್ಕೆ. ಬೋರ್ಡಿಂದ ಬೋರ್ಡಿಗೆ ಇದು ಉಲ್ಟಾ ಕೂಡ ಇರುತ್ತದೆ. ಗಂಟೆಯ ಕಡೆ ಎಳೆದ ಕೀ ಕೈಬಿಟ್ಟರೆ ತಾನೇ ನಡುವಿಗೆ ಬರಬೇಕು. ಯಾವ ಕೀ ಸತ್ತಿದೆ, ಯಾವುದು ಸೋಮಾರಿ ಅಂತ ನಿಮ್ಮ ಅತ್ತೆಯವರಿಗೆ ಬೆರಳಲ್ಲೇ ತಿಳಿಯುತ್ತದೆ.

ಇನ್ನೊಂದು ಕಾರಣವೂ ಇದೆ. ನನ್ನ ಜೊತೆ ಕೆಲಸ ಮಾಡಿದ ಟ್ರಂಕ್ (ದೂರದ ಊರಿನ ಕರೆಗಳ) ಆಪರೇಟರ್ ಒಬ್ಬರು ಈಗಲೂ ಫೋನ್ ಜೋರಾಗಿ ಹೊಡೆದುಕೊಂಡರೆ ಎಡಗಿವಿ ಮುಚ್ಚಿಕೊಳ್ಳುತ್ತಾರೆ. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ಚೀಟಿ ಬರೆದು ಬರೆದು, ಮೂರು ಮೂರು ನಿಮಿಷಕ್ಕೆ ಲೆಕ್ಕ ಹಾಕಿ, ಸಿಗದ ಲೈನಿಗೆ ಬೈಸಿಕೊಂಡವರು ಅವರು. ಬೋರ್ಡ್ ಮನೆಗೆ ತಂದರೆ ಅವರು ಖುಷಿಪಡುತ್ತಾರೆ ಅಂತ ನಾನು ಹೇಳಲಾರೆ. ನಿಮ್ಮ ಅತ್ತೆಯವರು ಹೇಗೋ ಏನೋ. ಕೇಳಿದರೆ ತಾನೇ ಗೊತ್ತಾಗುವುದು?

ಫಲಕದ ವಿಚಾರಕ್ಕೆ ಬರುತ್ತೇನೆ. ಐಟಿಐ, ಅಂದರೆ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಶುರುವಾಗಿದ್ದು 1948ರಲ್ಲಿ, ನಮ್ಮ ಬೆಂಗಳೂರಿನಲ್ಲೇ. ಕಾರ್ಖಾನೆಯ ಜಾಗಕ್ಕೆ ದೂರವಾಣಿನಗರ ಅಂತಲೇ ಹೆಸರು. ಸ್ಟ್ರೌಜರ್ ಎಕ್ಸ್‌ಚೇಂಜಿನ (ಡಯಲ್ ತಿರುಗಿಸಿದರೆ ತಾನೇ ಲೈನು ಜೋಡಿಸುವ ಹಳೇ ಯಂತ್ರ) ಸಾಮಾನು, ಕಪ್ಪು ಫೋನು, ಎಲ್ಲ ಅಲ್ಲಿಂದ ಬರುತ್ತಿತ್ತು. ಅದಕ್ಕೇ ಆ ಹೆಸರಿಗೆ ಈಗಲೂ ಬೆಲೆ. ಬೆಲೆ ಇರುವುದರಿಂದಲೇ ಬೇರೆ ಕಡೆಯಿಂದ ಕಿತ್ತು ತಂದು ಹೊಡೆದ ಫಲಕಗಳನ್ನೂ ನೋಡಿದ್ದೇನೆ. ಸ್ಕ್ರೂ ತೂತುಗಳು ಸರಿಯಾಗಿ ಹೊಂದುತ್ತವಾ, ಫಲಕದ ಅಂಚಿನ ಸುತ್ತ ಮರದ ಬಣ್ಣ ಒಂದೇ ಥರ ಇದೆಯಾ ನೋಡಿ. ಒಳಗಿನ ರಿಲೇಗಳ (ಕರೆಂಟು ಹರಿದಾಗ ತಾವೇ ಆಡುವ ಸ್ವಿಚ್ಚುಗಳು) ಮೇಲೂ ಹೆಸರಿದ್ದರೆ ನಂಬಬಹುದು.

ಹಳ್ಳಿಗಳಲ್ಲಿ ಇಂಥ ಕೈ ಬೋರ್ಡುಗಳ ಕಾಲ ಮುಗಿಸಿದ ದೇಶೀ ಯಂತ್ರವೂ ಕರ್ನಾಟಕಕ್ಕೇ ಮೊದಲು ಬಂತು. 1986ರ ಜುಲೈನಲ್ಲಿ ಸರ್ಕಾರದ ಟೆಲಿಫೋನ್ ಸಂಶೋಧನಾ ಸಂಸ್ಥೆ ಸಿ-ಡಾಟ್‌ನವರು ಕಿತ್ತೂರಿನಲ್ಲಿ 128 ಲೈನಿನ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ ಕೂರಿಸಿದರು. ಹಳ್ಳಿಯ ಸೆಕೆಗೂ ಧೂಳಿಗೂ ಎಸಿ ಇಲ್ಲದೆ ತಡೆದುಕೊಳ್ಳುವ ಹಾಗೆ ಮಾಡಿದ ಪೆಟ್ಟಿಗೆ ಅದು. ಆಮೇಲೆ ಆಫೀಸು, ಹೋಟೆಲುಗಳಿಗೂ ಸಣ್ಣ ಎಲೆಕ್ಟ್ರಾನಿಕ್ ಪೆಟ್ಟಿಗೆ ಬಂದವು. ತೇಗದ ಬೋರ್ಡುಗಳು ಗೋಡೌನಿಗೆ, ಅಲ್ಲಿಂದ ಗುಜರಿಗೆ ಹೋದವು. ಉಳಿದಿರುವುದು ಕಡಿಮೆ, ನಿಜ. ಆದರೆ ಕೊಳ್ಳುವವರು ಅದಕ್ಕಿಂತ ಕಡಿಮೆ. ಅಂಗಡಿಯವರಿಗೆ ಇದು ಚೆನ್ನಾಗಿ ಗೊತ್ತು, ನಿಮಗೂ ಗೊತ್ತಿರಲಿ.

ಎಲ್ಲಿಡುವುದು ಅಂತ ಯಜಮಾನರು ಕೇಳಿದ್ದನ್ನು ತಳ್ಳಿಹಾಕಬೇಡಿ. ಆ ಪ್ರಶ್ನೆ ನನ್ನ ಮನೆಯಲ್ಲೂ ಬಂದಿತ್ತು, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಹಳೇ ಸ್ಟ್ರೌಜರ್ ಎಕ್ಸ್‌ಚೇಂಜ್ ಒಂದನ್ನು ಕಳಚಿ ಹರಾಜು ಹಾಕಿದಾಗ, ಪ್ರೀತಿಗೆ ಬಿದ್ದು ಒಂದು ರ‍್ಯಾಕ್ ಕೂಗಿಬಿಟ್ಟೆ. ಎಂಟೂವರೆ ಅಡಿ ಎತ್ತರ. ನಮ್ಮ ಮನೆ ಬಾಗಿಲು ಆರೂಮುಕ್ಕಾಲು ಅಡಿ. ಮಲಗಿಸಿ ಒಳಗೆ ತಂದರೆ ಮತ್ತೆ ನಿಲ್ಲಿಸಲು ಸೂರು ಅಡ್ಡ. ಕೊನೆಗೆ ಹಿತ್ತಲಲ್ಲಿ ಟಾರ್ಪಾಲು ಹೊದಿಸಿ ಇಟ್ಟೆ. ಒಂದೇ ಮಳೆಗಾಲ ಸಾಕಾಯಿತು, ರಿಲೇಗಳೆಲ್ಲ ತುಕ್ಕು ಹಿಡಿದು ಕೂತವು. ಕೊಂಡ ಬೆಲೆಯ ಕಾಲು ಭಾಗಕ್ಕೆ ಕಿಲೋ ಲೆಕ್ಕದಲ್ಲಿ ಮಾರಿದೆ. ಒಂದು ಸೆಲೆಕ್ಟರ್ (ಡಯಲ್ ಮಾಡಿದ ನಂಬರನ್ನು ಹುಡುಕುವ ಭಾಗ) ಮಾತ್ರ ಉಳಿಸಿಕೊಂಡೆ, ಶೋಕೇಸಿನಲ್ಲಿದೆ. ಬ್ಯಾಟರಿ ಕೊಟ್ಟು ಡಯಲ್ ತಿರುಗಿಸಿದರೆ ಮೊದಲ ಅಂಕಿಗೆ ಟಕಟಕ ಮೇಲೆ ಹತ್ತುತ್ತದೆ, ಎರಡನೆಯದಕ್ಕೆ ಪಕ್ಕಕ್ಕೆ ತಿರುಗುತ್ತದೆ. ಹತ್ತು ಮೆಟ್ಟಿಲು, ಮೆಟ್ಟಿಲಿಗೆ ಹತ್ತು ಮನೆ, ಒಟ್ಟು ನೂರು ನಂಬರು. ಮೊಮ್ಮಗ ಟಿವಿ ಬಿಟ್ಟು ಅದರ ಮುಂದೆ ಕೂರುತ್ತಾನೆ. ರ‍್ಯಾಕ್ ಇದ್ದಾಗ ಯಾರೂ ಅದರ ಹತ್ತಿರ ಹೋಗುತ್ತಿರಲಿಲ್ಲ.

ಹಾಗಾಗಿ ಟೇಪ್ ಹಿಡಿದು ಮೆಟ್ಟಿಲ ತಿರುವನ್ನೂ ಅಳೆಯಿರಿ. ಬಾಗಿಲು ಹೊಕ್ಕರೂ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತದೆ. ಹಿಂದಿನ ಬಾಗಿಲು ತೆಗೆಯಲು ಗೋಡೆಯಿಂದ ಎರಡಡಿ ಜಾಗ ಬೇಕು. ಅದನ್ನು ಸೇರಿಸಿ ಲೆಕ್ಕ ಹಾಕಿದರೆ ನಿಮ್ಮ ಸೋಫಾ ಒಂದು ಹೊರಗೆ ಹೋಗಬಹುದು. ಸಾಗಿಸಲು ನಾಲ್ಕು ಜನ ಗಟ್ಟಿಮುಟ್ಟಾದವರು ಬೇಕು. ಮೊದಲು ಗುಂಡುಗಳನ್ನು ಬಿಚ್ಚಿ ಚೀಲಕ್ಕೆ ಹಾಕಿ, ಹುರಿಗಳನ್ನು ಕಟ್ಟಿ. ಬೋರ್ಡ್ ನಿಂತೇ ಬರಲಿ. ಮುಖ ಅಡಿ ಮಾಡಿ ಮಲಗಿಸಿದರೆ ಕೀಗಳು ಹೋದವು.

ಕೆಲಸ ಮಾಡುತ್ತಾ ಅಂತ ಕೇಳಿದ್ದೀರಿ. ಬೆನ್ನು ಸರಿಯಿದ್ದರೆ ಖಂಡಿತ. ಐವತ್ತು ಲೈನಿನ ಆಸೆ ಬೇಡ. ಅಡುಗೆಮನೆ, ಗೇಟು, ನಿಮ್ಮ ಕೋಣೆ, ಮೂರು ಲೈನು ಸಾಕು. ಬೋರ್ಡಿನ ಮೇಲೆ 24 ವೋಲ್ಟ್ ಅಂತ ಇದ್ದರೆ ಕಂಪ್ಯೂಟರ್ ಯುಪಿಎಸ್‌ನ 12 ವೋಲ್ಟ್ ಬ್ಯಾಟರಿ ಎರಡು, 50 ಅಂತ ಇದ್ದರೆ ನಾಲ್ಕು, ಸಾಲಾಗಿ ಜೋಡಿಸಿ. ನಡುವೆ ಫ್ಯೂಸ್ ಇರಲೇಬೇಕು. ಎಕ್ಸ್‌ಚೇಂಜಿನಲ್ಲಿ ನೆಲಕ್ಕೆ ಕೊಡುವುದು ಪಾಸಿಟಿವ್ ತಂತಿ. ತೇವಕ್ಕೆ ತಾಮ್ರ ಸವೆಯದಿರಲಿ ಅಂತ ಆ ಕ್ರಮ. ಕಾರು ರಿಪೇರಿ ಮಾಡುವವರು ರೂಢಿಯಂತೆ ಅದನ್ನು ತಿರುವುಮುರುವು ಮಾಡಿಬಿಡುತ್ತಾರೆ, ಹುಷಾರು. ಗಂಟೆ ಹೊಡೆಯುವ ಕೈ ಜನರೇಟರ್ ತಿರುಗಿಸುವಾಗ ತಂತಿಗಳನ್ನು ಮುಟ್ಟಬೇಡಿ. ಅದರಲ್ಲಿ ಸುಮಾರು 75 ವೋಲ್ಟ್ ಬರುತ್ತದೆ. ಟ್ರೈನಿಂಗಿನಲ್ಲಿ ಹಿರಿಯರೊಬ್ಬರು “ಹಿಡ್ಕೋ ಮರಿ” ಅಂತ ಎರಡೂ ತುದಿ ನನ್ನ ಕೈಗೆ ಕೊಟ್ಟು ತಿರುಗಿಸಿದ್ದರು. ಆ ರಾತ್ರಿ ಊಟಕ್ಕೆ ಎಡಗೈ ಬಲಗೈ ಎರಡೂ ಬೇಡ ಅನ್ನಿಸಿತ್ತು.

ಕಾರ್ಡುಗಳಲ್ಲಿ ಕೆಲವು ಸತ್ತಿರುತ್ತವೆ. ಅದರೊಳಗೆ ಇರುವುದು ಮಾಮೂಲಿ ತಂತಿಯಲ್ಲ, ನೂಲಿಗೆ ಸುತ್ತಿದ ತಾಮ್ರದ ತೆಳು ಜರಿ. ಪ್ಲಗ್ಗಿನ ಕುತ್ತಿಗೆಯ ಹತ್ತಿರ ಮುರಿಯುತ್ತದೆ. ನಾಲ್ಕು ಬೆರಳಷ್ಟು ಕತ್ತರಿಸಿ ಮತ್ತೆ ಕಟ್ಟಿದರೆ ಆಯಿತು. ಇದಕ್ಕಾಗಿಯೇ ಹುರಿ ಉದ್ದ ಬಿಟ್ಟಿರುತ್ತಾರೆ. ರಿಲೇ ತುದಿಗಳಿಗೆ ಮರಳುಕಾಗದ ತಾಗಿಸಬೇಡಿ, ಬೆಳ್ಳಿ ಸವೆದುಹೋಗುತ್ತದೆ. ಬಿಳಿ ಕಾಗದದ ಪಟ್ಟಿಯನ್ನು ನಡುವೆ ಸಿಕ್ಕಿಸಿ ಮೆಲ್ಲಗೆ ಎಳೆಯಿರಿ, ಕಪ್ಪು ಬರುತ್ತದೆ. ಹೊರಗಿನ ಟೆಲಿಫೋನ್ ಲೈನಿಗೆ ಮಾತ್ರ ಬೋರ್ಡನ್ನು ಜೋಡಿಸಬೇಡಿ. ಮನೆಯೊಳಗಿನ ಆಟ ಮನೆಯೊಳಗೇ ಇರಲಿ.

ಬೆಲೆ. ಬೆನ್ನು ಪೂರ್ತಿ ಇದ್ದು, ಗುಂಡು, ಹುರಿ, ಹೆಡ್‌ಸೆಟ್ ಎಲ್ಲ ಇದ್ದರೆ ನಾನಾದರೆ 25,000ದವರೆಗೆ ಹೋಗುತ್ತೇನೆ. ಸಾಗಣೆ, ಬ್ಯಾಟರಿ, ರಿಪೇರಿ ಮೇಲೆ ಬೇರೆ ಇದೆ. ಬುಡದಲ್ಲಿ ಕತ್ತರಿಸಿದ್ದರೆ ಮರದ ಬೆಲೆ ಕೊಡಿ, ಅದಕ್ಕಿಂತ ಒಂದು ರೂಪಾಯಿ ಬೇಡ. ಅಥವಾ ಇಡೀ ಬೋರ್ಡ್ ಬಿಟ್ಟು ಒಂದು ಸಾಲು ಜ್ಯಾಕ್, ಎರಡು ಜೋಡಿ ಕಾರ್ಡ್, ಒಂದು ಹೆಡ್‌ಸೆಟ್ ಬಿಡಿಯಾಗಿ ಕೇಳಿ. ಬಡಗಿಯಿಂದ ಟೇಬಲ್ ಮೇಲೆ ಕೂರುವಷ್ಟು ಪೆಟ್ಟಿಗೆ ಮಾಡಿಸಬಹುದು. ನಿಜ ಹೇಳಬೇಕೆಂದರೆ ಮೊದಲ ಮಹಡಿಗೆ ನನ್ನ ಮನಸ್ಸು ಇದರ ಕಡೆಗೇ ವಾಲುತ್ತದೆ. ಆದರೆ ಸ್ಟೂಲ್ ಮೇಲೆ ಕೂತು ಕಾರ್ಡ್ ಎಳೆದ ನಿಮ್ಮ ಅತ್ತೆಯವರು “ಇದೇ ಬೇಕು” ಅಂದರೆ ನನ್ನ ಮಾತು ಮರೆತುಬಿಡಿ, ಸೋಫಾ ಮಾರಿ.

ಪ್ರಶ್ನೆ: ಅಜ್ಜನ ಕಪ್ಪು ಡಯಲ್ ಫೋನನ್ನು ಮನೆಯ ಫೈಬರ್ ಪೆಟ್ಟಿಗೆಗೆ ಸಿಕ್ಕಿಸಿದೆ. ಗಂಟೆ ಸಣ್ಣಗೆ ಹೊಡೆಯುತ್ತದೆ, ಮಾತೂ ಕೇಳಿಸುತ್ತದೆ. ಡಯಲ್ ಮಾಡಿದರೆ ಏನೂ ಆಗುವುದಿಲ್ಲ. ಫೋನ್ ಕೆಟ್ಟಿದೆಯೇ?
— ಓದುಗರೊಬ್ಬರು, ಧಾರವಾಡ

ಉತ್ತರ: ಫೋನ್ ಚೆನ್ನಾಗಿದೆ. ಪೆಟ್ಟಿಗೆಗೆ ಅದರ ಭಾಷೆ ಬರುವುದಿಲ್ಲ. ನಿಮ್ಮ ಡಯಲ್ ವಾಪಸ್ ತಿರುಗುವಾಗ ಸೆಕೆಂಡಿಗೆ ಹತ್ತರಂತೆ ಕರೆಂಟನ್ನು ಕಡಿದು ಕಡಿದು ಬಿಡುತ್ತದೆ. 3ಕ್ಕೆ ಮೂರು ಸಲ, 0ಗೆ ಹತ್ತು ಸಲ. ಈಗಿನ ಪೆಟ್ಟಿಗೆಗಳು ಹೆಚ್ಚಾಗಿ ಬಟನ್ ಫೋನಿನ ಪೀಂಪೀಂ ಸದ್ದಿಗೆ ಮಾತ್ರ ಕಿವಿಗೊಡುತ್ತವೆ. ಪೆಟ್ಟಿಗೆಯ ಸೆಟ್ಟಿಂಗಿನಲ್ಲಿ ‘ಪಲ್ಸ್’ ಅಂತ ಇದೆಯಾ ಹುಡುಕಿ. ಇಲ್ಲದಿದ್ದರೆ ಪಲ್ಸನ್ನು ಟೋನ್ ಮಾಡುವ ಸಣ್ಣ ಕನ್ವರ್ಟರ್ ಸಿಗುತ್ತದೆ, ನಡುವೆ ಹಾಕಿ. ಗಂಟೆ ಸಣ್ಣಗಿರುವುದು ಪೆಟ್ಟಿಗೆಯ ಶಕ್ತಿ ಅಷ್ಟೇ ಇರುವುದರಿಂದ. ಅದೇ ಲೈನಿಗೆ ಇನ್ನೊಂದು ಫೋನ್ ಇದ್ದರೆ ಕಿತ್ತು ನೋಡಿ, ಅಜ್ಜನ ಗಂಟೆ ಜೋರಾಗಬಹುದು.