ಮಂತ್ರಿಯಾಗದ ಗೋಪಾಲಗೌಡರು ದೊಡ್ಡವರಾಗಿದ್ದು ಹೇಗೆ?

ಪ್ರಶ್ನೆ: ಶಾಂತವೇರಿ ಗೋಪಾಲಗೌಡರು ಶಾಸಕರಾಗಿದ್ದು ಮೂರೇ ಸಲ. ಮಂತ್ರಿಯೂ ಆಗಲಿಲ್ಲ. ಆದರೂ ಒಳ್ಳೆಯ ಶಾಸಕ ಯಾರು ಅಂತ ಕೇಳಿದರೆ ಹಿರಿಯರು ಅವರ ಹೆಸರನ್ನೇ ಹೇಳುತ್ತಾರೆ. ಯಾಕೆ?
– ಪದವಿ ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಇದಕ್ಕೆ ಉತ್ತರ ಕಾಗೋಡಿನಲ್ಲಿದೆ. ಸಾಗರ ತಾಲ್ಲೂಕಿನ ಆ ಊರಲ್ಲಿ ಗೇಣಿ ಭತ್ತವನ್ನು ಕೊಳಗದಲ್ಲಿ ಅಳೆಯುತ್ತಿದ್ದರು. ಜಮೀನಿನ ಒಡೆಯರ ಕೊಳಗ ದೊಡ್ಡದು. ಲೆಕ್ಕದಲ್ಲಿ ಗೇಣಿ ಮಾತಾಡಿದಷ್ಟೇ, ಆದರೆ ಕಣದಿಂದ ಹೋಗುವ ಭತ್ತ ಮಾತ್ರ ಜಾಸ್ತಿ. 1951ರಲ್ಲಿ ಗೇಣಿದಾರರು ಇದರ ವಿರುದ್ಧ ಎದ್ದು ನಿಂತರು, ಅವರನ್ನು ಸಂಘಟಿಸಿದವರು ಎಚ್. ಗಣಪತಿಯಪ್ಪ, ಗೋಪಾಲಗೌಡರು ಮತ್ತು ಅವರ ಸೋಷಲಿಸ್ಟ್ ಸಂಗಾತಿಗಳು ಜೊತೆಗೆ ನಿಂತರು, ಸೋಷಲಿಸ್ಟ್ ನಾಯಕ ರಾಮಮನೋಹರ ಲೋಹಿಯಾ ಅವರೂ ಬಂದು ಬಂಧನಕ್ಕೊಳಗಾದರು.

ಮರುವರ್ಷ ಗೌಡರು ಸಾಗರ-ಹೊಸನಗರದಿಂದ ಗೆದ್ದು ವಿಧಾನಸಭೆಗೆ ಹೋದರು. 1957ರಲ್ಲಿ ಸೋತರು. 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು. ಇಷ್ಟೂ ಕಾಲ ಕೂತಿದ್ದು ವಿರೋಧ ಪಕ್ಷದ ಸಾಲಿನಲ್ಲೇ. ವಿರೋಧ ಪಕ್ಷದವರ ಕೈಯಲ್ಲಿ ಏನಿರುತ್ತೆ ಹೇಳಿ? ಪ್ರಶ್ನೆ ಕೇಳಬಹುದು, ಚರ್ಚೆ ಎತ್ತಬಹುದು, ನಿರ್ಣಯ ಮಂಡಿಸಬಹುದು, ಅಷ್ಟೇ. ಮತಕ್ಕೆ ಹಾಕಿದರೆ ಗೆಲ್ಲುವುದು ಸರ್ಕಾರವೇ ಅಲ್ವಾ? ಹಾಗಿದ್ದೂ ಉಳುವವನಿಗೆ ಭೂಮಿ ಕೊಡಿ, ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಡಿ ಅಂತ ಅವರು ಬಿಡದೆ ಕೇಳಿದರು.

ನನ್ನ ಪ್ರಕಾರ ಇಂಥ ಶಾಸಕರನ್ನು ಅಳೆಯಬೇಕಾದ್ದು ಅವರು ಕೂತ ಕುರ್ಚಿಯಿಂದಲ್ಲ. ಅವರ ಬೇಡಿಕೆಯನ್ನು ಮುಂದೆ ಬಂದ ಸರ್ಕಾರ ಒಪ್ಪಲೇಬೇಕಾಯಿತಾ ಅನ್ನೋದನ್ನು ನೋಡಬೇಕು. ಗೌಡರು 1972ರ ಜೂನ್‌ನಲ್ಲಿ ತೀರಿಕೊಂಡರು, ಇನ್ನೂ ಐವತ್ತೂ ಆಗಿರಲಿಲ್ಲ. 1973ರ ನವೆಂಬರ್ 1ಕ್ಕೆ ಮೈಸೂರು ರಾಜ್ಯ ಕರ್ನಾಟಕವಾಯಿತು. 1974ರ ಮಾರ್ಚ್ 1ರಿಂದ ಮುಖ್ಯಮಂತ್ರಿ ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂತು. ಮಲೆನಾಡಿನ ಎಷ್ಟೋ ಮನೆಗಳಲ್ಲಿ 'ಅಪ್ಪ ಡಿಕ್ಲರೇಷನ್ ಹಾಕಿದ್ದರಿಂದ ಜಮೀನು ಬಂತು' ಅಂತಾರಲ್ಲ, ಅದು ಈ ಕಾನೂನಿನಡಿ ಗೇಣಿದಾರರು ಭೂ ನ್ಯಾಯಮಂಡಳಿಗೆ ಕೊಟ್ಟ ಅರ್ಜಿ. ಸಹಿ ಹಾಕಿದ್ದು ಕಾಂಗ್ರೆಸ್ ಸರ್ಕಾರ, ಆ ಶ್ರೇಯವನ್ನು ಅರಸು ಅವರಿಂದ ಕಿತ್ತುಕೊಳ್ಳಬೇಕಿಲ್ಲ. ಆದರೆ ಅಷ್ಟು ವರ್ಷ ಸದನದಲ್ಲಿ ಆ ಮಾತು ಸಾಯದಂತೆ ನೋಡಿಕೊಂಡವರಲ್ಲಿ ಗೌಡರು ಮುಂದಿನ ಸಾಲಿನವರು.

ಅವರ ಜಾಡಿನಲ್ಲೇ ರಾಜಕೀಯಕ್ಕೆ ಬಂದ ಬಂಗಾರಪ್ಪ ಮತ್ತು ಜೆ.ಎಚ್. ಪಟೇಲರು ಆಮೇಲೆ ಮುಖ್ಯಮಂತ್ರಿಗಳಾದರು.

ಪ್ರಶ್ನೆ: ದುಡ್ಡಿಲ್ಲದೆ ಗೋಪಾಲಗೌಡರು 1952ರಲ್ಲಿ ಗೆದ್ದಿದ್ದು ಹೇಗೆ?
– ಓದುಗರು, ಸಾಗರ

ಉತ್ತರ: 'ಒಂದು ಓಟು, ಒಂದು ನೋಟು' ಅಂತ ಕೇಳಿಕೊಂಡು ಊರೂರು ಸುತ್ತಿದರು. ಎದುರಿಗಿದ್ದವರು ಕಾಂಗ್ರೆಸ್ಸಿನ ಎ.ಆರ್. ಬದರಿನಾರಾಯಣ, ಸುಮ್ನೆ ಸೋಲುವ ಅಭ್ಯರ್ಥಿಯಲ್ಲ. ಗೌಡರಿಗಾಗ 28 ವರ್ಷ. ಜನ ಎರಡನ್ನೂ ಕೊಟ್ಟರು.