ಪಾಲೇ ಇಲ್ಲ ಅಂದಮೇಲೆ ಸಹಿ ಯಾಕೆ?

ಪ್ರಶ್ನೆ: ನಮ್ಮದು ಬ್ಯಾಡಗಿ ತಾಲ್ಲೂಕು, ಹಿಂದೂ ಕುಟುಂಬ. ನನ್ನ ಮದುವೆ ಆಗಿದ್ದು 1988ರಲ್ಲಿ. ತಂದೆ 1999ರಲ್ಲಿ ತೀರಿಕೊಂಡರು, ತಾಯಿ ಹೋದ ವರ್ಷ. ಅಜ್ಜನ ಕಾಲದ 6 ಎಕರೆ ಮೆಣಸಿನಕಾಯಿ ಹೊಲ ಇದೆ. ಇಬ್ಬರು ತಮ್ಮಂದಿರು ಮಾಡುತ್ತಾರೆ. ‘ನಿನ್ನ ಮದುವೆ 1994ಕ್ಕಿಂತ ಮುಂಚೆ ಆಗಿದೆ, ನಿನಗೆ ಪಾಲು ಬರಲ್ಲ. ಪಂಚಮಿಗೆ ಬಂದಾಗ ಒಂದು ಸಹಿ ಹಾಕಿ ಹೋಗು’ ಅಂತಿದ್ದಾರೆ. ಏನು ಮಾಡಲಿ?

ಉತ್ತರ: ಪಾಲೇ ಇಲ್ಲ ಅಂದಮೇಲೆ ನಿಮ್ಮ ಸಹಿ ಯಾಕೆ ಬೇಕಮ್ಮಾ? ಪಾಲು ಇದೆ, ಅದಕ್ಕೇ ಕೇಳುತ್ತಿದ್ದಾರೆ.

ತಮ್ಮಂದಿರು ಹೇಳುವ ಕಾನೂನು ಇತ್ತು. 1994ರ ಜುಲೈ 30ರಿಂದ ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಬಂತು. ಆದರೆ ಅದಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟರು. 2005ರ ಸೆಪ್ಟೆಂಬರ್ 9ಕ್ಕೆ ಜಾರಿಯಾದ ಕೇಂದ್ರದ ತಿದ್ದುಪಡಿಯಲ್ಲಿ ಈ ಅಡ್ಡಿ ಇಲ್ಲ. ಆ ದಿನ ತಂದೆ ಬದುಕಿರಬೇಕು ಅಂತ 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಅದೂ ಹೋಯಿತು. ಮಗನ ಹಾಗೆ ಮಗಳಿಗೂ ಹಕ್ಕು ಹುಟ್ಟಿನಿಂದಲೇ ಬರುತ್ತದೆ. ಈಗಿನ ಲೆಕ್ಕದಲ್ಲಿ 6 ಎಕರೆಯಲ್ಲಿ 2 ಎಕರೆ ನಿಮ್ಮದು.

2004ರ ಡಿಸೆಂಬರ್ 20ಕ್ಕಿಂತ ಮುಂಚೆ ವಾಟ್ನಿ ಪತ್ರ (ಆಸ್ತಿ ಪಾಲು ಮಾಡಿಕೊಂಡ ಪತ್ರ) ನೋಂದಣಿಯಾಗಿದೆಯಾ, ಕೋರ್ಟ್ ಡಿಕ್ರಿ ಆಗಿದೆಯಾ, ಹೊಲ ಮಾರಿದ್ದಾರಾ ಅಂತ ಮೊದಲು ನೋಡಿ. ಆಗಿದ್ದರೆ 2005ರ ತಿದ್ದುಪಡಿ ಹಿಡಿದು ಅದನ್ನು ಅಲುಗಾಡಿಸಲು ಆಗಲ್ಲ. ‘ಬಾಯಿಮಾತಲ್ಲೇ ವಾಟ್ನಿ ಆಗಿತ್ತು’ ಅಂದರೆ ಕೋರ್ಟ್ ಸುಲಭಕ್ಕೆ ಒಪ್ಪಲ್ಲ. ಉತಾರದಲ್ಲಿ ತಮ್ಮಂದಿರ ಹೆಸರಷ್ಟೇ ಇದ್ದರೂ ಗಾಬರಿ ಬೇಡ. ಅದು ಕಂದಾಯದ ದಾಖಲೆ, ಅದರಿಂದಲೇ ಒಡೆತನ ಬರಲ್ಲ. ಆದರೆ ನಿಮ್ಮನ್ನು ಪಾಲಿನಿಂದ ಹೊರಗಿಟ್ಟಿದ್ದು ಗೊತ್ತಾದ ದಿನದಿಂದ 12 ವರ್ಷದೊಳಗೆ ದಾವೆ ಹಾಕಬೇಕು. ಸುಮ್ನೆ ಮುಂದೂಡಬೇಡಿ.

ನನಗೆ ಜಾಸ್ತಿ ಭಯ ಆ ಪಂಚಮಿಯದು. ಅಕ್ಕನನ್ನು ಕರೆತರುತ್ತಾರೆ. ಉಂಡಿ, ಜೋಕಾಲಿ, ಹೊಸ ಸೀರೆ ಎಲ್ಲ ಆಗುತ್ತದೆ. ಮರುದಿನ ಸಬ್ ರಿಜಿಸ್ಟ್ರಾರ್ ಕಚೇರಿ. ‘ಬೆಳೆಸಾಲದ ಕಾಗದ ಅಕ್ಕಾ, ಇಲ್ಲೊಂದು ಹೆಬ್ಬೆಟ್ಟು’ ಅಂತಾರೆ. ಫೋಟೊ ತೆಗೆಸಿಕೊಂಡು ಊರಿಗೆ ಬಂದ ಎಷ್ಟೋ ತಿಂಗಳ ಮೇಲೆ, ಅದು ಹಕ್ಕು ಬಿಡುಗಡೆ ಪತ್ರ ಅಂತ ಗೊತ್ತಾಗುತ್ತದೆ. ನೋಂದಣಿಯಾದ ಪತ್ರ ಮೋಸದ್ದು ಅಂತ ಸಾಬೀತು ಮಾಡುವ ಹೊರೆ ಆಗ ನಿಮ್ಮ ಮೇಲೆ ಬೀಳುತ್ತದೆ. ತಿಳಿದು, ಮನಸ್ಸಿನಿಂದ ಬಿಟ್ಟುಕೊಟ್ಟರೆ ನಾನು ತಪ್ಪು ಅನ್ನಲ್ಲ. ಆದರೆ ಕಾಗದದ ಪ್ರತಿ ಮೊದಲೇ ಇಸ್ಕೊಳ್ಳಿ, ನಿಮ್ಮ ಕಡೆಯವರಿಂದ ಓದಿಸಿ ಕೇಳಿ.

ತವರು ತಪ್ಪಿಹೋಗುತ್ತದೆ ಅನ್ನುವ ಸಂಕಟ ನನಗೂ ಅರ್ಥವಾಗುತ್ತದೆ. ಹಿರಿಯರನ್ನು ಕೂರಿಸಿ ಮಾತಾಡಿ, ಲೋಕ ಅದಾಲತ್‌ನಲ್ಲಿ ರಾಜಿಯೂ ಆಗಬಹುದು. ವಕೀಲರ ಫೀ ಚಿಂತೆ ಬೇಡ. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

ಪ್ರಶ್ನೆ: ಸವಣೂರಿನಲ್ಲಿ ಅಬ್ಬಾ ಕಟ್ಟಿಸಿದ ಮನೆ ಇದೆ. ಅವರು ತೀರಿಕೊಂಡ ಮೇಲೆ ಅಣ್ಣ ಉಯಿಲು ತೋರಿಸಿ, ಮನೆ ಪೂರ್ತಿ ನನ್ನದು ಅಂತಿದ್ದಾನೆ. ಅಮ್ಮ ಇದ್ದಾರೆ, ನಾವಿಬ್ಬರು ಹೆಣ್ಣುಮಕ್ಕಳು. ನಾವು ಸುನ್ನಿಗಳು.

ಉತ್ತರ: ಆ ಉಯಿಲಿಗೆ ನೀವೆಲ್ಲ ಒಪ್ಪದಿದ್ದರೆ ಅದು ನಿಲ್ಲಲ್ಲ. ಮುಸ್ಲಿಂ ಕಾನೂನಿನಲ್ಲಿ ವಾರಸುದಾರನಿಗೇ ಉಯಿಲು ಬರೆದರೆ, ತೀರಿಕೊಂಡ ಮೇಲೆ ಉಳಿದ ವಾರಸುದಾರರ ಒಪ್ಪಿಗೆ ಬೇಕು. ಹೊರಗಿನವರಿಗಾದರೂ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬರೆಯುವಂತಿಲ್ಲ. ಬದುಕಿದ್ದಾಗಲೇ ಹಿಬಾ (ದಾನ) ಮಾಡಿ ಮನೆಯ ಸ್ವಾಧೀನವನ್ನೂ ಕೊಟ್ಟಿದ್ದರೆ ಮಾತು ಬೇರೆ.

ಮಗಳಿಗೆ ಮಗನ ಅರ್ಧ. ಇದು ಸರಿಯಾ ಅನ್ನುವ ಚರ್ಚೆ ಇದ್ದೇ ಇದೆ. ಆದರೆ ಆ ಅರ್ಧವೂ ಕೈಗೆ ಬಾರದ ಎಷ್ಟೋ ಹೆಣ್ಣುಮಕ್ಕಳನ್ನು ನೋಡಿ ನನಗೆ ಬೇಸರವಾಗಿದೆ. ಅಬ್ಬಾನ ತಂದೆ-ತಾಯಿ ಈಗಿಲ್ಲ ಅಂದುಕೊಂಡು ಹೇಳುತ್ತೇನೆ. ಸಾಲ ತೀರಿಸಿದ ಮೇಲೆ ಮನೆಯನ್ನು 32 ಪಾಲು ಮಾಡಿ. ಅಣ್ಣನಿಗೆ 14, ನಿಮ್ಮಿಬ್ಬರಿಗೆ 7-7. ಇನ್ನು 4 ಪಾಲು ಅಮ್ಮನದು. ಅವರಿಗೇ ಅದು ಗೊತ್ತಿರಲಿಕ್ಕಿಲ್ಲ, ಮೊದಲು ಅವರಿಗೆ ಹೇಳಿ.