ಗಾಳ, ಅಳಿವೆ, ಆಳಸಮುದ್ರ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ರಜಾದಿನಗಳಲ್ಲಿ ಕಾಳಿ ನದಿಯ ಅಳಿವೆಯಲ್ಲಿ ಗಾಳ ಹಾಕುವುದು ನನ್ನ ಹವ್ಯಾಸ. ಈಚೆಗೆ ಒಂದು ಮೀಟರಿಗಿಂತ ಉದ್ದದ ಚೊಣಕ, ಅಂದರೆ ಸೀ ಬಾಸ್, ಸಿಕ್ಕಿತು. ಅದನ್ನು ನೀರಿಗೆ ಬಿಡಬೇಕಿತ್ತೆಂದು ಗೆಳೆಯರು ಹೇಳುತ್ತಾರೆ. ಸಿಕ್ಕ ಮೀನನ್ನು ಬಿಡುವವರುಂಟೇ ಎಂದು ಮನೆಯ ಹಿರಿಯರು ನಗುತ್ತಾರೆ. ಬಿಟ್ಟ ಮೀನು ನಿಜವಾಗಿ ಬದುಕುತ್ತದೆಯೇ?
– ಓದುಗರು, ಕಾರವಾರ

ಉತ್ತರ: ಊಟಕ್ಕೆಂದು ಮೀನು ಒಯ್ಯುವುದರಲ್ಲಿ ತಪ್ಪಿಲ್ಲ, ಯಾವ ಮೀನನ್ನು ಒಯ್ಯುತ್ತೀರಿ ಎಂಬುದು ಮುಖ್ಯ. ಚೊಣಕ ಮೊದಲು ಗಂಡಾಗಿ ಬೆಳೆದು, ಕೆಲವು ವರ್ಷಗಳ ಬಳಿಕ, ಸಾಮಾನ್ಯವಾಗಿ 80 ಸೆಂಟಿಮೀಟರ್ ದಾಟಿದ ಮೇಲೆ, ಹೆಣ್ಣಾಗಿ ಬದಲಾಗುವ ಜಾತಿ. ಹಾಗಾಗಿ ನಿಮಗೆ ಸಿಕ್ಕಿದ್ದು ಬಹುಮಟ್ಟಿಗೆ ಹೆಣ್ಣೇ. ಅಷ್ಟು ದೊಡ್ಡ ಹೆಣ್ಣು ಇಡುವ ಮೊಟ್ಟೆಗಳು ದಶಲಕ್ಷಗಳ ಲೆಕ್ಕದಲ್ಲಿರುತ್ತವೆ, ಮತ್ತು ಮೊಟ್ಟೆಯಿಡಲು ಅದು ಬರುವುದು ಉಪ್ಪುನೀರಿನ ಅಳಿವೆಗೇ. ಎರಡು ಮೂರು ಕಿಲೋ ತೂಗುವ ಮೀನನ್ನು ಮನೆಗೆ ಒಯ್ದು, ದೊಡ್ಡದನ್ನು ಬಿಡುವುದೇ ಸರಿಯೆಂದು ನನ್ನ ಅಭಿಪ್ರಾಯ; ರುಚಿಯ ದೃಷ್ಟಿಯಿಂದಲೂ ಹಿರಿಯರು ಇದಕ್ಕೆ ಒಪ್ಪಿಯಾರು.

ಆದರೆ ಬಿಟ್ಟ ಮಾತ್ರಕ್ಕೆ ಮೀನು ಬದುಕುವುದಿಲ್ಲ. ತೆಳು ದಾರದಲ್ಲಿ ಬಹಳ ಹೊತ್ತು ಎಳೆದಾಡಿಸಿದ ಮೀನಿನ ಸ್ನಾಯುಗಳಲ್ಲಿ ಆಮ್ಲ ಸೇರಿಕೊಂಡು, ಅದು ಈಜಿ ಹೋದಂತೆ ಕಂಡರೂ ಮುಂದೆ ಸಾಯಬಹುದು. ಆದ್ದರಿಂದ ಮೀನಿಗೆ ತಕ್ಕಷ್ಟು ಗಟ್ಟಿಯಾದ ದಾರವಿರಲಿ. ಜೀವಂತ ಸಿಗಡಿಯನ್ನೋ ಮರಿಮೀನನ್ನೋ ಎರೆಯಾಗಿ ಕಟ್ಟುವವರು ಮೊನೆ ಒಳಕ್ಕೆ ಬಾಗಿರುವ ಸರ್ಕಲ್ ಹುಕ್ ಬಳಸುವುದು ಒಳ್ಳೆಯದು. ಅದನ್ನು ಬಳಸುವಾಗ ಮೀನು ಕಚ್ಚಿದೊಡನೆ ರಾಡನ್ನು ಜಗ್ಗದೆ, ದಾರ ಬಿಗಿಯಾಗುವವರೆಗೆ ಸಮನಾಗಿ ಸುತ್ತುತ್ತಾ ಹೋದರೆ, ಕೊಕ್ಕೆ ಹೊಟ್ಟೆಗಿಳಿಯದೆ ಬಾಯಿಯ ಮೂಲೆಯಲ್ಲಿ ನಾಟುತ್ತದೆ. ಒಂದು ವೇಳೆ ನುಂಗಿಬಿಟ್ಟಿದ್ದರೆ ಕೀಳಲು ಹೋಗದೆ ದಾರವನ್ನು ಬಾಯಿಯ ಹತ್ತಿರ ಕತ್ತರಿಸಿ. ಮೈಮೇಲಿನ ಲೋಳೆಯೇ ಮೀನಿಗೆ ಸೋಂಕಿನ ತಡೆಯಾದ್ದರಿಂದ ಒಣ ಬಟ್ಟೆಯಿಂದಾಗಲಿ ಬಿಸಿಲಿಗೆ ಕಾದ ಬಂಡೆಯ ಮೇಲಾಗಲಿ ಅದನ್ನು ಹಿಡಿದಿಡಬೇಡಿ. ಫೋಟೋ ಬೇಕಿದ್ದರೆ ಒದ್ದೆ ಕೈಯಿಂದ ಹೊಟ್ಟೆಗೆ ಆಧಾರ ಕೊಟ್ಟು ಎತ್ತಿ. ದವಡೆಯಿಂದ ನೇತಾಡಿಸಿದರೆ ಭಾರದ ಮೀನಿನ ಒಳಾಂಗಗಳಿಗೂ ಬೆನ್ನುಮೂಳೆಗೂ ಪೆಟ್ಟಾಗುತ್ತದೆ.

ಬಂಡೆಗಳ ನಡುವೆ ವಾಸಿಸುವ ಮುರು, ಅಂದರೆ ಗ್ರೂಪರ್, ಮೀನಿನ ಕಥೆ ಬೇರೆ. ಅದು ಮೊದಲು ಹೆಣ್ಣು, ಆಮೇಲೆ ಗಂಡು. 20 ಮೀಟರ್ ಆಳದಲ್ಲಿ ಒತ್ತಡವು ಮೇಲ್ಮೈಯದಕ್ಕಿಂತ ಮೂರು ಪಟ್ಟಿರುವುದರಿಂದ, ಅಲ್ಲಿಂದ ಸರಸರನೆ ಎಳೆದಾಗ ಅದರ ಗಾಳಿಚೀಲ ಉಬ್ಬಿ, ಜಠರ ಬಾಯಿಂದ ಹೊರಬಂದು, ಬಿಟ್ಟರೂ ಮುಳುಗಲಾರದೆ ತೇಲುತ್ತದೆ. ತೂಕ ಕಟ್ಟಿದ ಸಾಧನದಿಂದ ಅದನ್ನು ಆಳಕ್ಕೆ ಇಳಿಸಿ ಬಿಡುವ ಕ್ರಮವಿದೆ. ಅಂಥ ಸಾಧನವಿಲ್ಲದವರು ಒಂದೆರಡು ಸಿಕ್ಕಿದ ಕೂಡಲೇ ಆ ಜಾಗವನ್ನು ಬಿಟ್ಟು ಹೊರಡುವುದು ಲೇಸು.

ಪ್ರಶ್ನೆ: ಮಲ್ಪೆಯಿಂದ ದೋಣಿಯಲ್ಲಿ ಹೋಗಿ ಅಂಜಲ್, ಅಂದರೆ ಸೀರ್ ಮೀನು, ಹಿಡಿಯುವ ಆಸೆಯಿದೆ. ಯಾವಾಗ ಹೋಗಬೇಕು, ಏನೇನು ಬೇಕು?
– ಓದುಗರು, ಬೆಂಗಳೂರು

ಉತ್ತರ: ಜೂನ್ 1ರಿಂದ ಜುಲೈ 31ರವರೆಗೆ ರಾಜ್ಯದಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಆಗಸ್ಟ್‌ನಲ್ಲಿಯೂ ಕಡಲು ಶಾಂತವಾಗಿರುವುದಿಲ್ಲವಾದ್ದರಿಂದ ಹವ್ಯಾಸಿಗಳು ಅಕ್ಟೋಬರ್ ನಂತರ ಹೊರಡುವುದೇ ಕ್ಷೇಮ. ಅಂಜಲ್ ಬಂಗುಡೆ, ಬೂತಾಯಿಗಳ ಹಿಂಡನ್ನು ಬೆನ್ನಟ್ಟಿ ಮೇಲ್ನೀರಿಗೆ ಬರುತ್ತದೆ. ಕಡಲಹಕ್ಕಿಗಳು ನೀರಿಗೆ ಎರಗುತ್ತಿರುವ ಕಡೆ ಹಿಂಡಿನ ನಡುವೆ ನುಗ್ಗದೆ, ಅದರ ಅಂಚಿನಲ್ಲಿ ಐದಾರು ನಾಟ್ (ಗಂಟೆಗೆ ಸುಮಾರು 10 ಕಿ.ಮೀ.) ವೇಗದಲ್ಲಿ ಹುಸಿಮೀನನ್ನು ಎಳೆದುಕೊಂಡು ಸಾಗಬೇಕು. ಅದರ ಹಲ್ಲು ಕತ್ತರಿಯಂಥದ್ದಾದ್ದರಿಂದ ಕೊಕ್ಕೆಯ ಹಿಂದೆ ಒಂದು ಗೇಣಾದರೂ ಉಕ್ಕಿನ ತಂತಿ ಇರಲಿ. ರೀಲಿನ ಡ್ರ್ಯಾಗನ್ನು, ಅಂದರೆ ದಾರ ಬಿಚ್ಚಿಕೊಳ್ಳುವುದನ್ನು ತಡೆಯುವ ಬಿಗಿತವನ್ನು, ದಾರದ ತಾಳಿಕೆಯ ಕಾಲುಭಾಗಕ್ಕೆ ಹೊಂದಿಸಿ. ತೀರ ಬಿಗಿಯಾದರೆ ಮೊದಲ ಓಟದಲ್ಲೇ ದಾರ ಕಡಿಯಬಹುದು.

ಸಲಕರಣೆಗಿಂತ ಮುಖ್ಯವಾದುದು ದೋಣಿ ನಡೆಸುವವರ ಮಾತು. ನೀರಿನಲ್ಲಿ ಬೆಂಡುಗಳ ಸಾಲು ಕಂಡಲ್ಲಿ ನಾಡದೋಣಿಯವರ ಬಲೆಯಿದೆಯೆಂದು ತಿಳಿದು ದೂರ ಸುತ್ತಿ ಹೋಗಬೇಕು. ನಮಗೆ ಆಟವಾಗಿರುವುದು ಅವರಿಗೆ ಹೊಟ್ಟೆಪಾಡು. ಪ್ರತಿಯೊಬ್ಬರಿಗೂ ಜೀವರಕ್ಷಕ ಜಾಕೆಟ್ ಇಲ್ಲದ ದೋಣಿಯನ್ನು, ಬಾಡಿಗೆ ಎಷ್ಟೇ ಕಡಿಮೆಯಿರಲಿ, ಹತ್ತಬೇಡಿ. ಆಪತ್ತಿನಲ್ಲಿ ವಿ.ಎಚ್.ಎಫ್. ರೇಡಿಯೋದ 16ನೇ ಚಾನೆಲ್ ಅಥವಾ ಕರಾವಳಿ ಕಾವಲು ಪಡೆಯ 1554 ಸಂಖ್ಯೆ ನೆರವಿಗೆ ಬರುತ್ತದೆ. ತಿಮಿಂಗಿಲ ಶಾರ್ಕ್, ಗರಗಸ ಮೀನು, ಕಡಲಾಮೆಗಳಿಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ; ಅಕಸ್ಮಾತ್ ಗಾಳಕ್ಕೆ ಸಿಕ್ಕರೂ ದೋಣಿಯೊಳಕ್ಕೆ ಎತ್ತದೆ ಬಿಡಿಸಿ ಕಳಿಸಬೇಕು.

ಪ್ರಶ್ನೆ: ಗಾಳದಿಂದ ತೇಡೆ (ಕ್ಯಾಟ್‌ಫಿಶ್) ಮೀನನ್ನು ಬಿಡಿಸುವಾಗ ಅದರ ಮುಳ್ಳು ಚುಚ್ಚಿ ಕೈ ಬಾತುಕೊಂಡಿತು. ತಣ್ಣೀರು ಹಾಕಿದರೂ ಉರಿ ತಗ್ಗಲಿಲ್ಲ. ಏನು ಮಾಡಬೇಕಿತ್ತು?
– ಓದುಗರು, ಸುರತ್ಕಲ್

ಉತ್ತರ: ಬೇಕಿದ್ದುದು ಬಿಸಿನೀರು. ತೇಡೆ ಮತ್ತು ತೊರಕೆ (ಸ್ಟಿಂಗ್‌ರೇ) ಮೀನುಗಳ ಮುಳ್ಳಿನ ವಿಷ ಶಾಖಕ್ಕೆ ಕೆಡುವಂಥದ್ದು. ಚರ್ಮ ಸುಡದಷ್ಟು, ಅಂದರೆ ಸುಮಾರು 45 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಗಾಯವನ್ನು ಅರ್ಧ ಗಂಟೆಯಿಂದ ಒಂದೂವರೆ ಗಂಟೆಯವರೆಗೆ ಅದ್ದಿಟ್ಟರೆ ನೋವು ಇಳಿಯುತ್ತದೆ. ನೋಯುತ್ತಿರುವ ಕೈಗೆ ಬಿಸಿಯ ಅಂದಾಜು ಸರಿಯಾಗಿ ಸಿಗುವುದಿಲ್ಲವಾದ್ದರಿಂದ ಇನ್ನೊಂದು ಕೈಯಿಂದ ನೀರನ್ನು ಪರೀಕ್ಷಿಸಿ. ಮುಳ್ಳಿನ ತುಣುಕು ಒಳಗೆ ಮುರಿದುಳಿದಿರಬಹುದು, ಧನುರ್ವಾಯು ಚುಚ್ಚುಮದ್ದೂ ಬೇಕಾಗಬಹುದು. ಆದ್ದರಿಂದ ನೋವು ಇಳಿದರೂ ವೈದ್ಯರಿಗೆ ತೋರಿಸಿ. ಎದೆಗೋ ಹೊಟ್ಟೆಗೋ ಚುಚ್ಚಿದ್ದರೆ ಬಿಸಿನೀರಿಗೂ ಕಾಯದೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು.